ಐದು ಗಂಟೆಗೆ ಬಂದವನ ಪಗಾರ

ಹೋದ ಸಂಚಿಕೆಯಲ್ಲಿ ಯೇಸುಸ್ವಾಮಿ ಹೇಳಿದ ದ್ರಾಕ್ಷಿ ತೋಟದ ಆಳುಗಳ ಸಾಮ್ಯವನ್ನು, ಅಂದರೆ ದೃಷ್ಟಾಂತದ ಕಥೆಯನ್ನು, ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸಿದ್ದೆ. ಅಷ್ಟಕ್ಕೆ ಬಿಡುವುದಿಲ್ಲ ಎಂದು ಪತ್ರಗಳು ಬಂದಿವೆ. ಚರ್ಚಿಗೆ ಹೋಗುವವರಿಗಿಂತ ಹೋಗದವರೇ ಹೆಚ್ಚು ಬರೆದಿದ್ದಾರೆ, ಅವರ ಪ್ರಶ್ನೆಗಳಲ್ಲೇ ಖಾರವೂ ಹೆಚ್ಚಿದೆ. ನಾನು ಪಾದ್ರಿಯಲ್ಲ, ದೇವಜ್ಞಾನದ ಪದವಿ ಪಡೆದವಳೂ ಅಲ್ಲ. ವಿಜಯಪುರದ ಖಜಾನೆಯಲ್ಲಿ ಲೆಕ್ಕ ಬರೆದು ನಿವೃತ್ತಳಾದವಳು, ರವಿವಾರ ನಮ್ಮ ಸಭೆಯ ಮಕ್ಕಳಿಗೆ ಸಂಡೇ ಸ್ಕೂಲ್ ನಡೆಸುವವಳು. ಹೀಗಾಗಿ ಯೇಸುಸ್ವಾಮಿಯ ಬದುಕು, ಬೋಧನೆ ಹೇಳುವ ಸುವಾರ್ತೆ ಓದುವಾಗಲೂ ಕಣ್ಣು ಮೊದಲು ಅಂಕಿಯ ಮೇಲೇ ಬೀಳುತ್ತದೆ. ಪರಲೋಕ ರಾಜ್ಯ, ಅಂದರೆ ದೇವರ ಆಳ್ವಿಕೆ, ಹೇಗಿರುತ್ತದೆಂದು ಹೇಳುವ ಸಾಮ್ಯಗಳಲ್ಲಿ ಒಂದಲ್ಲ ಒಂದು ಕಡೆ ಲೆಕ್ಕ ತಾಳೆಯಾಗುವುದಿಲ್ಲ. ತಾಳೆಯಾಗದ ಆ ಜಾಗದಲ್ಲೇ ನಿಂತು ನೋಡಬೇಕು ಎನ್ನುವುದು ನನ್ನ ಪದ್ಧತಿ. ಒಪ್ಪದವರು ಜಗಳಕ್ಕೆ ಬರಬಹುದು.

ಪ್ರಶ್ನೆ: ಅಕ್ಕಾವರೇ, ನಮ್ಮದು ನಾಲ್ಕು ಎಕರೆ ದ್ರಾಕ್ಷಿ. ಮುಂಜಾನೆ ಬಂದವನಿಗೂ ಸಂಜೆ ಐದಕ್ಕೆ ಬಂದವನಿಗೂ ಒಂದೇ ಪಗಾರ ಕೊಟ್ಟ ಯಜಮಾನನನ್ನು ನಿಮ್ಮ ಯೇಸುಸ್ವಾಮಿ ಹೊಗಳಿದ್ದಾರೆ. ನಾನು ಹಾಗೆ ಮಾಡಿದರೆ ಮರುದಿನ ಬೆಳಿಗ್ಗೆ ತೋಟದ ಕಡೆಗೆ ಒಂದು ನರಪಿಳ್ಳೆಯೂ ಸುಳಿಯುವುದಿಲ್ಲ. ಇದು ಯಾವ ಸೀಮೆಯ ನ್ಯಾಯ?
- ದ್ರಾಕ್ಷಿ ಬೆಳೆಗಾರ, ತಿಕೋಟಾ

ಉತ್ತರ: ಮರುದಿನ ಯಾರೂ ಬರುವುದಿಲ್ಲ ಎಂಬ ನಿಮ್ಮ ಮಾತು ನೂರಕ್ಕೆ ನೂರು ಸರಿ. ಅದಕ್ಕೇ ಇರಬೇಕು, ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದ ಈ ಕಥೆಗೆ ಮರುದಿನವೇ ಇಲ್ಲ. ಕೂಲಿ ಕೊಡುವ ರೀತಿಯನ್ನು ಇದರಿಂದ ಕಲಿಯಲು ಹೊರಟರೆ ತೋಟವೂ ಉಳಿಯುವುದಿಲ್ಲ, ಕಥೆಯೂ ತಿಳಿಯುವುದಿಲ್ಲ.

ಮೊದಲು ಕರಾರು ನೋಡೋಣ. ಬೆಳಗಾಗುತ್ತಲೇ ಬಂದವರ ಜೊತೆ ಯಜಮಾನ ದಿನಕ್ಕೆ ಒಂದು ದಿನಾರಿ ಎಂದು ಮಾತಾಡಿದ. ದಿನಾರಿ ರೋಮಿನವರ ಬೆಳ್ಳಿ ನಾಣ್ಯ, ಆ ಕಾಲದ ಒಂದು ದಿನದ ಕೂಲಿ. ಒಂಬತ್ತಕ್ಕೆ ಬಂದವರಿಗೆ ನ್ಯಾಯವಾದದ್ದನ್ನು ಕೊಡುತ್ತೇನೆ ಎಂದ. ಹನ್ನೆರಡಕ್ಕೂ ಮೂರಕ್ಕೂ ಅದೇ ಮಾತು. ಐದಕ್ಕೆ ಸಿಕ್ಕವರ ಜೊತೆ ಪಗಾರದ ಮಾತೇ ಇಲ್ಲ, ನೀವೂ ತೋಟಕ್ಕೆ ಹೋಗಿ ಎಂದದ್ದಷ್ಟೇ. ಹೊತ್ತು ಮುಳುಗಲು ಒಂದೇ ತಾಸು ಉಳಿದಿರುವಾಗ, ಎಷ್ಟು ಕೊಡುತ್ತೀರಿ ಎಂದು ಬಾಯಿ ಬಿಡದೆ ಹೊರಟವರು ಅವರು. ಚೌಕಾಶಿ ಮಾಡಲಿಕ್ಕೂ ಸ್ವಲ್ಪ ಬಲ ಬೇಕು.

ಆಮೇಲೆ ಬಟವಾಡೆ. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕೆಂದು ಮೋಶೆಯ ಧರ್ಮಶಾಸ್ತ್ರದಲ್ಲಿದೆ, ಯಜಮಾನ ಅದನ್ನು ಮೀರಲಿಲ್ಲ. ಆದರೆ ಕೊನೆಗೆ ಬಂದವರಿಂದ ಶುರು ಮಾಡು ಎಂದು ಪಾರುಪತ್ಯಗಾರನಿಗೆ ಹೇಳಿದ. ಈ ಸರದಿಯನ್ನು ಬಹಳ ಜನ ಗಮನಿಸುವುದಿಲ್ಲ. ಮುಂಜಾನೆಯವರಿಗೆ ಮೊದಲು ಕೊಟ್ಟು ಕಳಿಸಿದ್ದರೆ ಅವರು ತಮ್ಮ ದಿನಾರಿ ಎಣಿಸಿಕೊಂಡು ಸಂತೋಷವಾಗಿ ಮನೆ ಸೇರುತ್ತಿದ್ದರು, ತಂಟೆಯೇ ಏಳುತ್ತಿರಲಿಲ್ಲ. ಹಣ ಹಂಚುವ ಕಿಟಕಿಯ ಹಿಂದೆ ಕುಳಿತವರಿಗೆ ಇದು ಚೆನ್ನಾಗಿ ಗೊತ್ತು. ಯಜಮಾನನಿಗೂ ಗೊತ್ತಿತ್ತು, ಬೇಕೆಂದೇ ಎಲ್ಲರ ಕಣ್ಣೆದುರು ಕೊಡಿಸಿದ. ಮುಂಜಾನೆಯವರ ದೂರನ್ನೂ ಸರಿಯಾಗಿ ಓದಿ. ತಮಗೆ ಕಡಿಮೆ ಬಂತೆಂದು ಅವರು ಗೊಣಗಲಿಲ್ಲ. ಇವರನ್ನು ನಮಗೆ ಸರಿಸಮ ಮಾಡಿದಿರಲ್ಲ ಎಂದು ಗೊಣಗಿದರು.

ದ್ರಾಕ್ಷಿಯ ವಿಷಯ ನಿಮಗೆ ನಾನು ಹೇಳಬೇಕಿಲ್ಲ. ಗೊನೆ ಕತ್ತರಿಸುವ ದಿನಗಳಲ್ಲಿ ಮೋಡ ಕವಿದರೆ, ಶೆಡ್ಡಿನಲ್ಲಿ ಒಣಗಲು ಹಾಕಿದ ಮಾಲು ಕಪ್ಪಾಗುತ್ತದೆಂಬ ಭಯಕ್ಕೆ ಸಿಕ್ಕ ಸಿಕ್ಕವರನ್ನು ಟಂಟಂನಲ್ಲಿ ತುಂಬಿಕೊಂಡು ಹೋಗುತ್ತೀರಿ. ಕಥೆಯ ಯಜಮಾನನೂ ಅಂಥ ಅವಸರಕ್ಕೇ ಸಂಜೆ ಪೇಟೆಗೆ ಹೋದನೆಂದು ಹೇಳುವ ಪ್ರಸಂಗಿಗಳಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಕಥೆಯಲ್ಲಿ ಮೋಡವಿಲ್ಲ, ಸುಗ್ಗಿಯ ಮಾತೂ ಇಲ್ಲ. ದಿನವೆಲ್ಲ ಇಲ್ಲಿ ಸುಮ್ಮನೆ ಯಾಕೆ ನಿಂತಿದ್ದೀರಿ ಎಂದು ಅವನು ಕೇಳಿದ, ನಮ್ಮನ್ನು ಯಾರೂ ಕರೆಯಲಿಲ್ಲ ಎಂದು ಅವರು ಹೇಳಿದರು. ಬೆಳಿಗ್ಗೆ ವೃತ್ತದಲ್ಲಿ ಬುತ್ತಿ ಗಂಟು ಹಿಡಿದು ನಿಂತವರನ್ನು ನೀವು ದಿನಾ ನೋಡುತ್ತೀರಿ. ಗಾಡಿ ನಿಂತ ಕೂಡಲೇ ಹತ್ತುವವರು ತೋಳು ಗಟ್ಟಿಯಿರುವ ಹುಡುಗರು. ಹತ್ತು ಗಂಟೆಯ ಮೇಲೂ ಅಲ್ಲೇ ಉಳಿಯುವವರು ಮೊಣಕಾಲು ಹಿಡಿದ ಮುದುಕರು, ಕಂಕುಳಲ್ಲಿ ಕೂಸಿರುವ ಹೆಣ್ಣುಮಕ್ಕಳು. ಹಗಲಿಗೆ ಹನ್ನೆರಡು ತಾಸು, ಅವರು ದುಡಿದದ್ದು ಒಂದು. ಹಾಗೆಂದು ಅವರ ಮನೆಯಲ್ಲಿ ರಾತ್ರಿಗೆ ಬೇಕಾಗುವ ರೊಟ್ಟಿ ಹನ್ನೆರಡರಲ್ಲಿ ಒಂದು ಪಾಲು ಆಗುವುದಿಲ್ಲವಲ್ಲ.

ಇನ್ನು, ಈ ಸಾಮ್ಯ ಯಾರ ಕಿವಿಗೆ ಬೀಳಲಿ ಎಂದು ಹೇಳಿದ್ದು? ಹಿಂದಿನ ಅಧ್ಯಾಯದ ಕೊನೆಗೆ ಶಿಷ್ಯ ಪೇತ್ರ ಯೇಸುಸ್ವಾಮಿಯನ್ನು ಕೇಳುತ್ತಾನೆ: ಎಲ್ಲವನ್ನೂ ಬಿಟ್ಟು ನಿನ್ನ ಹಿಂದೆ ಬಂದಿದ್ದೇವೆ, ನಮಗೇನು ದೊರಕುತ್ತದೆ? ಮುಂಜಾನೆ ಬಂದ ಆಳು ಪೇತ್ರನೇ. ಹುಟ್ಟಿದಾರಭ್ಯ ಚರ್ಚಿನ ಮುಂದಿನ ಬೆಂಚಿನಲ್ಲಿ ಕುಳಿತ ನಾವೂ ಅದೇ ಪಾಳಿಯವರು. ಬಾಸೆಲ್ ಮಿಶನ್ನಿನವರು 1851ರಲ್ಲಿ ಗುಳೇದಗುಡ್ಡದಲ್ಲಿ ಕೇಂದ್ರ ತೆರೆದ ಕಾಲದಿಂದ ನಮ್ಮದು ಕ್ರೈಸ್ತ ಮನೆತನ ಎಂದು ಎದೆಯುಬ್ಬಿಸುವವರು ನನ್ನ ಬಳಗದಲ್ಲೇ ಇದ್ದಾರೆ. ಮೊನ್ನೆ ಮೊನ್ನೆ ಸಭೆ ಸೇರಿದವರು ಕಮಿಟಿಗೆ ನಿಂತ ದಿನ ಅವರ ಮುಖ ನೋಡಬೇಕು. ಪರಲೋಕ ರಾಜ್ಯದಲ್ಲಿ ಜ್ಯೇಷ್ಠತಾ ಪಟ್ಟಿ ಇಲ್ಲ ಎಂಬ ಮಾತು ಸರಕಾರಿ ನೌಕರಿ ಮಾಡಿದ ನನಗೇ ಜೀರ್ಣವಾಗಲು ಹೊತ್ತು ಹಿಡಿಯಿತು. ನಿಮ್ಮ ತೋಟದ ಪಗಾರವನ್ನು ನೀವು ಮಾತಾಡಿದ ಪ್ರಕಾರವೇ ಕೊಡಿ, ಯಜಮಾನನೂ ಮುಂಜಾನೆಯವರಿಗೆ ಕೊಟ್ಟ ಮಾತನ್ನು ಮುರಿಯಲಿಲ್ಲ.

ಪ್ರಶ್ನೆ: "ದೇವಲೋಕ ಮರ್ತ್ಯಲೋಕವೆಂಬುದು ಬೇರಿಲ್ಲ ಕಾಣಿರೋ" ಎಂದರು ಬಸವಣ್ಣನವರು. ಸತ್ಯವ ನುಡಿವುದೇ ದೇವಲೋಕ, ಆಚಾರವೇ ಸ್ವರ್ಗ. ಕ್ರೈಸ್ತರ ಪರಲೋಕ ರಾಜ್ಯ ಸತ್ತ ಮೇಲೆ ಹೋಗುವ ಊರೋ, ಇಲ್ಲಾ ಇದೇ ಮಾತೋ?
- ಕಾಲೇಜು ವಿದ್ಯಾರ್ಥಿನಿ, ಹುನಗುಂದ

ಉತ್ತರ: ಕೂಡಲಸಂಗಮದ ತಾಲ್ಲೂಕಿನಿಂದ ಬಂದ ಪ್ರಶ್ನೆಗೆ ಉಡಾಫೆಯ ಉತ್ತರ ಕೊಡುವಂತಿಲ್ಲ, ತಂಗಿ. ಸತ್ತ ಮೇಲಿನ ಊರು ಎಂಬ ಕಲ್ಪನೆ ನಮ್ಮ ಹಾಡುಗಳಲ್ಲಿ, ಮಣ್ಣಿನ ದಿನದ ಪ್ರಸಂಗಗಳಲ್ಲಿ ಧಾರಾಳವಾಗಿದೆ. ಸಾಮ್ಯಗಳೊಳಗೆ ಹುಡುಕಿದರೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಮತ್ತಾಯ 13ನೇ ಅಧ್ಯಾಯ ತೆರೆದು ನೋಡು. ಬಿತ್ತುವವನು, ಹಿಟ್ಟು ನಾದುವವಳು, ಹೊಲದಲ್ಲಿ ಹೂತ ನಿಧಿಗೆ ಎಡವಿದವನು, ಮುತ್ತಿನ ವ್ಯಾಪಾರಿ, ದಡಕ್ಕೆ ಬಲೆ ಎಳೆಯುವವರು. ಒಬ್ಬರೂ ಮೋಡದ ಮೇಲೆ ಕುಳಿತಿಲ್ಲ, ಎಲ್ಲರ ಕೈಗೂ ಕೆಲಸ ಹತ್ತಿದೆ. ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲೂ ನಮ್ಮನ್ನು ಆ ರಾಜ್ಯಕ್ಕೆ ಒಯ್ಯಿ ಎಂಬ ಬೇಡಿಕೆ ಇಲ್ಲ. ನಿನ್ನ ರಾಜ್ಯವು ಬರಲಿ, ನಿನ್ನ ಚಿತ್ತವು ಪರಲೋಕದಲ್ಲಿ ನೆರವೇರುವಂತೆ ಭೂಲೋಕದಲ್ಲಿಯೂ ನೆರವೇರಲಿ ಎಂದಿದೆ. ಕೊನೆಯ ತೀರ್ಪಿನ ಮಾತು ಇಲ್ಲವೆಂದಲ್ಲ. ಬಲೆಯ ಸಾಮ್ಯದಲ್ಲಿ ಯುಗದ ಸಮಾಪ್ತಿಯ ವಿಂಗಡಣೆ ಬರುತ್ತದೆ. ಆದರೆ ಬಲೆ ಬೀಸಿಯಾಗಿದೆ, ಬೀಜ ಬಿದ್ದಾಗಿದೆ ಎಂಬಲ್ಲಿಂದಲೇ ಕಥೆಗಳು ಶುರುವಾಗುತ್ತವೆ.

ಬಸವಣ್ಣನವರ ಮಾತಿಗೆ ಇದು ಬಹಳ ಹತ್ತಿರ. ಎರಡೂ ಒಂದೇ ಎಂದು ಹೇಳಿ ಚಪ್ಪಾಳೆ ಗಿಟ್ಟಿಸುವ ಭಾಷಣಗಳನ್ನು ಸರ್ವಧರ್ಮ ಸಭೆಗಳಲ್ಲಿ ಕೇಳಿದ್ದೇನೆ, ಅದರಿಂದ ಇಬ್ಬರಿಗೂ ಅನ್ಯಾಯವಾಗುತ್ತದೆ. ಆ ವಚನದಲ್ಲಿ ಭಾರ ನಮ್ಮ ನಡೆ ನುಡಿಯ ಮೇಲೆ ಬೀಳುತ್ತದೆ. ಮಾರ್ಕನ 4ನೇ ಅಧ್ಯಾಯದ ಪುಟ್ಟ ಸಾಮ್ಯದಲ್ಲಿ ಭಾರ ಬೇರೆ ಕಡೆಗಿದೆ. ಒಬ್ಬ ಬೀಜ ಬಿತ್ತುತ್ತಾನೆ, ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ. ಬೀಜ ಮೊಳೆತು ಬೆಳೆಯುತ್ತದೆ, ಹೇಗೆಂದು ಅವನಿಗೆ ತಿಳಿಯದು. ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳ ಬಿತ್ತುವ ಮನೆಯ ಮಗಳಾದರೆ ಇದನ್ನು ನಿನಗೆ ಬಿಡಿಸಿ ಹೇಳಬೇಕಿಲ್ಲ. ಮಳೆ ಹಿಂದೆ ಸರಿದ ಮೇಲೂ ಮಣ್ಣಿನೊಳಗಿನ ತೇವ ಉಂಡು ಅದು ಎದ್ದು ಬರುತ್ತದೆ. ಬಿತ್ತುವುದು ನಮ್ಮದು, ಕೊಯ್ಯುವುದು ನಮ್ಮದು. ನಡುವಿನ ತಿಂಗಳುಗಳನ್ನು ನಮ್ಮ ಖಾತೆಗೆ ಜಮಾ ಮಾಡಿಕೊಳ್ಳುವಂತಿಲ್ಲ. ಹಾಗೆಂದು ಆಚಾರ ಬೇಡವೆಂದು ಯೇಸುಸ್ವಾಮಿ ಹೇಳಲಿಲ್ಲ, ಬೆಟ್ಟದ ಮೇಲಿನ ಪ್ರಸಂಗ ಓದಿದರೆ ಅವರು ಕೇಳುವ ಆಚಾರ ನೋಡಿಯೇ ನಮಗೆ ಉಸಿರು ಕಟ್ಟುತ್ತದೆ.

ಪ್ರಶ್ನೆ: ನಾನು ಒಂದು ಸಹಕಾರಿ ಸಂಘದ ಕಾರ್ಯದರ್ಶಿ. ನೋಟಿಸ್ ಕೊಡಲು ಹೋದಾಗ ಸುಸ್ತಿದಾರರೊಬ್ಬರು, ಹತ್ತು ಸಾವಿರ ತಲಾಂತು ಬಿಟ್ಟುಕೊಟ್ಟ ಅರಸನ ಕಥೆ ಹೇಳಿ ನನ್ನನ್ನು ಬಾಗಿಲಿನಿಂದಲೇ ತಿರುಗಿ ಕಳಿಸಿದರು. ನಿಮ್ಮ ಪರಲೋಕ ರಾಜ್ಯವೆಂದರೆ ಸಾಲ ಮನ್ನಾ ಯೋಜನೆಯೇ?
- ಮುಧೋಳ ತಾಲ್ಲೂಕಿನ ಓದುಗ

ಉತ್ತರ: ನಿಮ್ಮ ಸುಸ್ತಿದಾರರು ಜಾಣರು, ಅರ್ಧ ಕಥೆ ಹೇಳಿದ್ದಾರೆ. ಪೂರ್ತಿ ಕಥೆ ಮತ್ತಾಯ 18ರಲ್ಲಿದೆ. ಅರಸ ತನ್ನ ಸೇವಕರ ಲೆಕ್ಕ ತೆಗೆದ. ಒಬ್ಬನ ಬಾಕಿ ಹತ್ತು ಸಾವಿರ ತಲಾಂತು. ಕಾಲಿಗೆ ಬಿದ್ದ, ಅರಸ ಕನಿಕರಪಟ್ಟು ಬಿಟ್ಟುಬಿಟ್ಟ. ಹೊರಗೆ ಬಂದವನೇ ತನಗೆ ನೂರು ದಿನಾರಿ ಕೊಡಬೇಕಾದ ಜೊತೆಯವನ ಕುತ್ತಿಗೆ ಹಿಡಿದ, ಸೆರೆಮನೆಗೆ ಹಾಕಿಸಿದ. ಸುದ್ದಿ ಅರಸನಿಗೆ ಮುಟ್ಟಿತು, ಮನ್ನಾ ರದ್ದಾಯಿತು.

ಈಗ ಅಂಕಿ. ಒಂದು ತಲಾಂತಿಗೆ 6,000 ದಿನಾರಿ. ಹತ್ತು ಸಾವಿರ ತಲಾಂತು ಎಂದರೆ 6 ಕೋಟಿ ದಿನಾರಿ. ವರ್ಷಕ್ಕೆ 300 ದಿನ ಕೂಲಿ ಸಿಕ್ಕಿತೆಂದು ಹಿಡಿದರೂ ತೀರಿಸಲು 2 ಲಕ್ಷ ವರ್ಷ ಬೇಕು. ಯೇಸುಸ್ವಾಮಿಯ ಕಾಲದಲ್ಲಿ ಗಲಿಲಾಯವನ್ನು ಆಳುತ್ತಿದ್ದ ಹೆರೋದ ಅಂತಿಪನಿಗೆ ಗಲಿಲಾಯ, ಪೆರಿಯ ಎರಡೂ ಸೀಮೆ ಸೇರಿ ವರ್ಷಕ್ಕೆ 200 ತಲಾಂತು ಕಂದಾಯ ಬರುತ್ತಿತ್ತು ಎಂದು ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅಂದರೆ ಒಬ್ಬ ಸೇವಕನ ತಲೆಯ ಮೇಲೆ ಎರಡು ಸೀಮೆಗಳ 50 ವರ್ಷದ ಕಂದಾಯ! ಕಂದಾಯಕ್ಕೆ ಬೆನ್ನು ಬಾಗಿದ್ದ ಗಲಿಲಾಯದ ರೈತರು, ಮೀನುಗಾರರು ಆ ಅಂಕಿ ಕೇಳಿಯೇ ನಕ್ಕಿರಬೇಕು. ಅಂಥವನು, ತಾಳಿಕೊಳ್ಳಿ, ಎಲ್ಲಾ ತೀರಿಸುತ್ತೇನೆ ಎನ್ನುತ್ತಾನೆ. ಅರಸ ಕಂತು ಹಾಕಿಕೊಡಲಿಲ್ಲ, ಬಡ್ಡಿ ಬಿಟ್ಟು ಅಸಲಾದರೂ ಕಟ್ಟು ಎನ್ನಲಿಲ್ಲ. ಪುಸ್ತಕವನ್ನೇ ಮುಚ್ಚಿದ.

ನೂರು ದಿನಾರಿಯ ಮಾತಿಗೆ ಬಂದಾಗ ನಮ್ಮ ಪ್ರಸಂಗಿಗಳು ಅದನ್ನು ಚಿಲ್ಲರೆ ಕಾಸು ಎಂದು ತಳ್ಳಿಹಾಕುತ್ತಾರೆ. ಕೂಲಿ ಮಾಡಿ ಗೊತ್ತಿಲ್ಲದವರ ಮಾತು ಅದು. ನೂರು ದಿನಾರಿ ಎಂದರೆ ನೂರು ದಿನದ ಕೂಲಿ. 2005ರ ಉದ್ಯೋಗ ಖಾತರಿ ಕಾಯ್ದೆ ಒಂದು ಹಳ್ಳಿಯ ಕುಟುಂಬಕ್ಕೆ ಇಡೀ ವರ್ಷಕ್ಕೆ ಖಾತರಿ ಕೊಟ್ಟದ್ದೂ ನೂರೇ ದಿನ. ಆ ಸಾಲ ನಿಜವಾದದ್ದು, ಬಿಟ್ಟರೆ ಮೈಮೇಲೆ ಬರುವಂಥದ್ದು. ಕೇಳುವ ಹಕ್ಕೂ ಅವನಿಗಿತ್ತು. ನೋವಿಲ್ಲದ ಕ್ಷಮೆಯ ಬಗ್ಗೆ ಸಾಮ್ಯ ಹೇಳುವ ಅಗತ್ಯವೇ ಇರಲಿಲ್ಲ. ತಮ್ಮನೊಬ್ಬ ತಪ್ಪು ಮಾಡಿದರೆ ಏಳು ಸಾರಿ ಕ್ಷಮಿಸಿದರೆ ಸಾಕೇ ಎಂದು ಪೇತ್ರ ಎಣಿಸುತ್ತಾ ಬಂದಿದ್ದ, ಏಳೆಪ್ಪತ್ತು ಸಾರಿ ಎಂಬ ಉತ್ತರದ ಬೆನ್ನಿಗೆ ಹೇಳಿದ ಕಥೆ ಇದು. ಎರಡೂ ಬಾಕಿಗಳನ್ನು ಅಕ್ಕಪಕ್ಕ ಇಟ್ಟರೆ ಒಂದಕ್ಕೆ ಆರು ಲಕ್ಷ. ಆ ಸೇವಕ ಮೊದಲ ಅಂಕಿಯನ್ನು ಅರಮನೆಯ ಬಾಗಿಲು ದಾಟುವಷ್ಟರಲ್ಲಿ ಮರೆತ, ಎರಡನೆಯದು ಮಾತ್ರ ನೆನಪಿನಲ್ಲಿ ಉಳಿಯಿತು.

ನಿಮ್ಮ ಸಂಘದ ವಿಷಯ. ಅರಸ ಬಿಟ್ಟದ್ದು ತನ್ನ ಬೊಕ್ಕಸದ ಹಣ, ನಷ್ಟವನ್ನು ತಾನೇ ಹೊತ್ತ. ನಿಮ್ಮ ಕೈಯಲ್ಲಿರುವುದು ಠೇವಣಿದಾರರ ದುಡ್ಡು. ಅದರಲ್ಲಿ ಮಗಳ ಮದುವೆಗೆಂದು ಇಟ್ಟವರಿದ್ದಾರೆ, ಪಿಂಚಣಿ ಇಟ್ಟ ನನ್ನಂಥವರೂ ಇದ್ದಾರೆ. ಅದನ್ನು ಮನ್ನಾ ಮಾಡಲು ನೀವು ಅರಸರಲ್ಲ. ನೋಟಿಸ್ ಕೊಡಿ, ವಸೂಲಿ ಮಾಡಿ. ಕುತ್ತಿಗೆಗೆ ಕೈ ಹಾಕಬೇಡಿ. ಮಳೆ ಕೈಕೊಟ್ಟ ವರ್ಷ ಕಂತು ಮುಂದೂಡಲು ನಿಯಮದಲ್ಲಿ ಅವಕಾಶವಿದ್ದರೂ ಬಾಯಿ ಬಿಡದೆ, ಓಣಿಯ ಜನರೆಲ್ಲ ನೋಡುವಂತೆ ಮನೆಯ ಪಾತ್ರೆ ಹೊರಗಿಡಿಸುವುದು ಕುತ್ತಿಗೆಗೆ ಕೈ ಹಾಕಿದ ಹಾಗೆಯೇ. ನಿಮ್ಮ ಸುಸ್ತಿದಾರರಿಗೂ ಒಂದು ಮಾತು ಕೇಳಿ: ಅವರು ಯಾರಿಗೆಲ್ಲ ಕೈಗಡ ಕೊಟ್ಟಿದ್ದಾರೆ, ಹೇಗೆ ವಸೂಲು ಮಾಡುತ್ತಿದ್ದಾರೆ? ಕಥೆ ಗೊತ್ತಿದ್ದವರಿಗೆ ಅದರ ದ್ವಿತೀಯಾರ್ಧವೂ ಗೊತ್ತಿರಬೇಕು.

ಪ್ರಶ್ನೆ: ಸಾಸಿವೆ ಎಲ್ಲ ಬೀಜಗಳಿಗಿಂತ ಸಣ್ಣದು, ಬೆಳೆದು ಮರವಾಗುತ್ತದೆ ಎನ್ನುತ್ತದೆ ಸುವಾರ್ತೆ. ಗಸಗಸೆಯ ಡಬ್ಬಿ ತೆರೆದರೆ ಮೊದಲನೆಯದು ಸುಳ್ಳು, ಹೊಲಕ್ಕೆ ಹೋದರೆ ಎರಡನೆಯದೂ ಸುಳ್ಳು.
- ವಿಜ್ಞಾನ ಶಿಕ್ಷಕ, ಜಮಖಂಡಿ

ಉತ್ತರ: ಗಸಗಸೆ ಸಣ್ಣದು ಸರ್, ಒಪ್ಪಿದೆ. ಚೂರು ಎನ್ನಲು ಸಾಸಿವೆಯಷ್ಟು ಎನ್ನುವುದು ಆ ನಾಡಿನಲ್ಲಿ ರೂಢಿ. ನಾವೂ ಹಾಗೇ ಅನ್ನುತ್ತೇವೆ, ಯಾರೂ ತಕ್ಕಡಿ ತರುವುದಿಲ್ಲ. ಗಲಿಲಾಯ ಸರೋವರದ ಸುತ್ತ ಕಪ್ಪು ಸಾಸಿವೆ ಆಳೆತ್ತರ ಮೀರಿ ನಿಲ್ಲುತ್ತದೆ. ಮಾರ್ಕ ಅದನ್ನು ಕಾಯಿಪಲ್ಯದ ಗಿಡಗಳಲ್ಲೇ ದೊಡ್ಡದು ಎಂದು ಹೇಳಿ ನಿಲ್ಲಿಸಿದ, ಮತ್ತಾಯ, ಲೂಕರು ಮರ ಎಂದರು.

ನನಗೆ ಕುತೂಹಲ ಆ ಗಿಡಕ್ಕೆ ಬಂದು ಕೂರುವ ಹಕ್ಕಿಗಳ ಬಗ್ಗೆ. ಹಕ್ಕಿಗಳು ನೆಲೆಸುವ ಮರ ಹಳೆಯ ಒಡಂಬಡಿಕೆಯಲ್ಲಿ ದೊಡ್ಡ ರಾಜ್ಯದ ಗುರುತು. ದಾನಿಯೇಲನ ಗ್ರಂಥದಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಆಕಾಶ ಮುಟ್ಟುವ ಮರವನ್ನು ಕನಸಿನಲ್ಲಿ ಕಾಣುತ್ತಾನೆ, ಯೆಹೆಜ್ಕೇಲನ ಗ್ರಂಥದಲ್ಲಿ ದೇವರು ಎತ್ತರದ ಬೆಟ್ಟದ ಮೇಲೆ ದೇವದಾರು ನೆಡುತ್ತಾನೆ. ದೇವರ ರಾಜ್ಯ ಎಂದೊಡನೆ ಕೇಳುಗರ ಕಣ್ಣೆದುರು ಅಂಥ ದೇವದಾರು ಬಂದು ನಿಂತಿರುತ್ತದೆ. ಯೇಸುಸ್ವಾಮಿ ಅವರ ಕೈಗೆ ಸಾಸಿವೆ ಗಿಡ ಕೊಟ್ಟರು. ಬೆನ್ನಿಗೇ ಬರುವ ಹುಳಿಹಿಟ್ಟಿನ ಸಾಮ್ಯ ಇದರ ತಿರುಗು ಮುರುಗು. ಅಲ್ಲಿ ಒಬ್ಬ ಹೆಂಗಸು ಹುಳಿ ಅಡಗಿಸಿಡುವ ಮೂರು ಅಳತೆ ಹಿಟ್ಟು ಈಗಿನ ಲೆಕ್ಕದಲ್ಲಿ ನಲವತ್ತು ಲೀಟರಿನ ಹತ್ತಿರ ಹೋಗುತ್ತದೆ. ಒಂದು ಮನೆಯ ಊಟಕ್ಕೆ ಯಾರೂ ಅಷ್ಟು ಹಿಟ್ಟು ನಾದುವುದಿಲ್ಲ. ಮೊದಲ ಕಥೆಯಲ್ಲಿ ಅಂಕಿ ನಾಚಿಕೆಯಾಗುವಷ್ಟು ಸಣ್ಣದು, ಎರಡನೆಯದರಲ್ಲಿ ಅಡುಗೆಮನೆಯಲ್ಲಿ ಹಿಡಿಯದಷ್ಟು ದೊಡ್ಡದು.

ಪ್ರಶ್ನೆ: ಗೋಧಿಯಲ್ಲಿ ಕಸ ಎದ್ದಾಗ ಕೀಳಬೇಡಿ, ಸುಗ್ಗಿಯವರೆಗೆ ಬಿಡಿ ಎಂದ ಯಜಮಾನ ರೈತನೇ ಅಲ್ಲ.
- ಗೋಕಾಕಿನ ರೈತ

ಉತ್ತರ: ನಿಮ್ಮ ಹೊಲದಲ್ಲಿ ಎಡೆ ಹೊಡೆಯಿರಿ, ಕುರ್ಚಿಗಿ ಹಿಡಿದು ಕಸ ತೆಗೆಯಿರಿ, ಯಾರೂ ಬೇಡವೆನ್ನುವುದಿಲ್ಲ. ಕಥೆಯ ಕಸ ಬೇರೆ ಜಾತಿಯದು. ಸಸ್ಯಶಾಸ್ತ್ರದವರು ಲೋಲಿಯಂ ಟೆಮುಲೆಂಟಮ್ ಎನ್ನುವ ಹುಲ್ಲು ಅದು ಎನ್ನುತ್ತಾರೆ. ತೆನೆ ಬಿಡುವವರೆಗೂ ಗೋಧಿಯಂತೆಯೇ ಕಾಣುತ್ತದೆ. ಅದರ ಕಾಳು ಹಿಟ್ಟಿಗೆ ಬೆರೆತರೆ ತಲೆ ಸುತ್ತಿ ಬೀಳುತ್ತಾರೆ. ರಾತ್ರೋರಾತ್ರಿ ವೈರಿಯೊಬ್ಬ ಬಿತ್ತಿ ಹೋಗಿದ್ದ. ಗೊತ್ತಾಗುವಷ್ಟರಲ್ಲಿ ಬೇರು ಬೇರಿಗೆ ಹೆಣೆದಿರುತ್ತದೆ, ಒಂದನ್ನು ಎಳೆದರೆ ಇನ್ನೊಂದೂ ಬರುತ್ತದೆ.

ಹೊಲವೆಂದರೆ ಈ ಲೋಕ ಎಂದು ಯೇಸುಸ್ವಾಮಿಯೇ ಬಿಡಿಸಿ ಹೇಳಿದ್ದಾರೆ. ಕೊಯ್ಯುವವರು ದೇವದೂತರು. ಕೀಳಲೇ, ಕೀಳಲೇ ಎಂದು ಕೈ ತುರಿಸುತ್ತಿದ್ದ ಆಳುಗಳಿಗೆ ಆ ಕೆಲಸ ವಹಿಸಿಲ್ಲ. ನಮ್ಮ ಗಡಿ ಜಿಲ್ಲೆಗಳಲ್ಲಿ ಯಾರು ಬೆಳೆ, ಯಾರು ಕಸ ಎಂದು ನಿಂತಲ್ಲೇ ತೀರ್ಪು ಕೊಡುವವರಿಗೆ ಬರಗಾಲವಿಲ್ಲ. ಚರ್ಚಿನ ಕಮಿಟಿಗಳಲ್ಲಂತೂ ಇನ್ನೂ ಇಲ್ಲ. ಹಾಗಾದರೆ ಕಣ್ಣೆದುರು ತಪ್ಪು ನಡೆದರೂ ಸುಮ್ಮನಿರಬೇಕೇ ಎಂದು ಕೇಳುತ್ತೀರಿ. ಇರಬೇಕಿಲ್ಲ. ಅದಕ್ಕೆ ಅದೇ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಕ್ರಮವಿದೆ. ಮೊದಲು ಒಬ್ಬನೇ ಹೋಗಿ ಅವನ ಜೊತೆ ಮಾತಾಡು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಗೆ ತಿಳಿಸು. ನಾವು ಸಾಮಾನ್ಯವಾಗಿ ಮೂರನೆಯದರಿಂದ ಶುರು ಮಾಡುತ್ತೇವೆ.

ಪ್ರಶ್ನೆ: ಹತ್ತು ಕನ್ಯೆಯರ ಕಥೆಯಲ್ಲಿ ಐವರು ಜಾಣೆಯರು ಉಳಿದವರಿಗೆ ಚೂರು ಎಣ್ಣೆ ಕೊಡಲಿಲ್ಲ. ಇಂಥ ಜಿಪುಣಿಯರಿಗೆ ಪರಲೋಕ ರಾಜ್ಯವೇ, ಅಕ್ಕಾ?
- ಗೃಹಿಣಿ, ವಿಜಯಪುರ

ಉತ್ತರ: ರಾತ್ರಿ ಮದುಮಗನನ್ನು ಎದುರುಗೊಳ್ಳಲು ಹತ್ತು ಕನ್ಯೆಯರು ದೀಪ ಹಿಡಿದು ಕಾದರು, ಐವರು ಮಾತ್ರ ಹೆಚ್ಚಿನ ಎಣ್ಣೆ ತಂದಿದ್ದರು. ಆ ಐವರು ನನಗೂ ಅಷ್ಟಕ್ಕಷ್ಟೇ. ಆದರೆ ಅವರ ಲೆಕ್ಕ ತಪ್ಪಿಲ್ಲ. ಇದ್ದ ಎಣ್ಣೆಯನ್ನು ಹಂಚಿದ್ದರೆ ಹತ್ತೂ ದೀಪ ಮೆರವಣಿಗೆಯ ನಡುವೆ ಆರುತ್ತಿದ್ದವು. ಮದುಮಗ ಬಂದಾಗ ಹಾದಿಯೇ ಕತ್ತಲು. ಎಣ್ಣೆಯೆಂದರೆ ನಂಬಿಕೆ, ಸತ್ಕ್ರಿಯೆ, ಪವಿತ್ರಾತ್ಮ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಕಥೆ ಏನನ್ನೂ ಹೇಳುವುದಿಲ್ಲ. ಕಥೆ ಹೇಳುವುದು ಮದುಮಗ ತಡ ಮಾಡಿದ ಎಂದು. ಯೇಸುಸ್ವಾಮಿ ಇವತ್ತು ಮರಳಿ ಬರುತ್ತಾರೆ, ನಾಳೆ ಬರುತ್ತಾರೆ ಎಂದು ಕಾದು ಸೋತ ಮೊದಲ ತಲೆಮಾರಿನ ಸಭೆಗಳಿಗೆ ಆ ಒಂದು ಮಾತು ಎಲ್ಲಿ ತಾಗಿರಬೇಕೆಂದು ಊಹಿಸಿ. ತೂಕಡಿಸಿ ಮಲಗಿದ್ದು ಹತ್ತೂ ಜನ, ನಿದ್ದೆಗೆ ಯಾರನ್ನೂ ಬೈದಿಲ್ಲ. ಮಧ್ಯರಾತ್ರಿಯಲ್ಲಿ ಅಂಗಡಿಗೆ ಹೋಗಿ ಎಣ್ಣೆ ಕೊಂಡುಕೊಳ್ಳಿ ಎಂದ ಸಲಹೆ ಮಾತ್ರ ನನಗೆ ಇವತ್ತಿಗೂ ಕೊಂಕಾಗಿಯೇ ಕೇಳಿಸುತ್ತದೆ.

ಮದುವೆಯ ಉಡುಪಿಲ್ಲದೆ ಬಂದವನನ್ನು ಅರಸ ಹೊರಗೆ ಹಾಕಿಸಿದ ಕಥೆಯ ಬಗ್ಗೆ ಬೈಲಹೊಂಗಲದಿಂದ ನಾಲ್ಕು ಪುಟದ ಪತ್ರ ಬಂದಿದೆ. ಬೀದಿಯಿಂದ ಎಳೆದು ತಂದವನಲ್ಲಿ ಉಡುಪು ಎಲ್ಲಿಂದ ಬರಬೇಕು ಎಂಬ ಅವರ ಸಿಟ್ಟು ನ್ಯಾಯವಾದದ್ದು. ಅದಕ್ಕೆ ಮುಂದಿನ ಸಂಚಿಕೆಯಲ್ಲಿ ಜಾಗ ಕೇಳಿದ್ದೇನೆ.